ಅಕ್ಕನ ಧ್ವನಿಗೆ ತಕ್ಕ ಪೆಟ್ಟಿಗೆ

ನಮ್ಮ ಭಾವನಿಗೆ ಸುಮ್ಮನೆ ಕೂರಲು ಬರುವುದಿಲ್ಲ. ಊಟಕ್ಕೆ ಕೂತರೂ ಅರ್ಧ ಎದ್ದ ಹಾಗೇ ಇರುತ್ತಾರೆ, ಒಂದು ಮಂಡಿ ಮೇಲೆ, ಒಂದು ಕಿವಿ ಬಾಗಿಲ ಕಡೆ. ಅವರು ಲಿಫ್ಟ್ ರಿಪೇರಿ ಮಾಡುವವರು. ಯಾವುದೋ ಕಟ್ಟಡದ ನೆತ್ತಿಯ ಮೇಲಿನ ಮೋಟಾರು ಕೋಣೆಯಲ್ಲಿ, ಗಾಲಿ, ಉಕ್ಕಿನ ಹಗ್ಗ, ಗ್ರೀಸುಗಳ ನಡುವೆ ನಿಂತು, ಸದ್ದು ಕೇಳಿಯೇ ಇದು ಬೇರಿಂಗ್, ಇದು ಬ್ರೇಕ್ ಎಂದು ಕಂಡುಹಿಡಿಯುವ ಮನುಷ್ಯ. ಸಂಜೆ ಮನೆಗೆ ಬಂದು ಕೈಕಾಲು ತೊಳೆದರೆ ಅದೇ ಕಿವಿ ಸ್ಪೀಕರುಗಳ ಕಡೆ ತಿರುಗುತ್ತದೆ. ಅಂಗಡಿಯ ಸ್ಪೀಕರು ಅವರಿಗೆ ಆಗಿಬರುವುದಿಲ್ಲ. ತಾವೇ ಡ್ರೈವರ್ ಆರಿಸಿ, ತಾವೇ ಕ್ರಾಸ್‌ಓವರ್ ಕಟ್ಟುತ್ತಾರೆ. ಪೆಟ್ಟಿಗೆ ಮಾತ್ರ ನನ್ನ ಪಾಲಿಗೆ. ನಾನು ಬಡಗಿ, ಅವರ ಹೆಂಡತಿಯ ತಮ್ಮ ಬೇರೆ. ನನ್ನ ಶೆಡ್ಡು ಅವರ ಮನೆಯ ಹಿತ್ತಲಲ್ಲೇ ಇರುವುದರಿಂದ ತಪ್ಪಿಸಿಕೊಳ್ಳಲು ದಾರಿಯಿಲ್ಲ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಡ್ರೈವರ್ ಅಂದರೆ ಪೆಟ್ಟಿಗೆಯ ಮುಂದೆ ಕಾಣುತ್ತದಲ್ಲ, ಸದ್ದು ಹೊರಡಿಸುವ ದುಂಡನೆಯ ಬಾಯಿ, ಅದು. ದೊಡ್ಡ ಬಾಯಿ ವೂಫರ್, ದಪ್ಪ ಸದ್ದಿಗೆ. ಪುಟ್ಟ ಬಾಯಿ ಟ್ವೀಟರ್, ಸಣ್ಣ ಸದ್ದಿಗೆ. ಇವೆರಡರ ನಡುವೆ ಪಂಚಾಯ್ತಿ ಮಾಡುವುದು ಕ್ರಾಸ್‌ಓವರ್: ತಾಮ್ರದ ತಂತಿ ಸುತ್ತಿದ ಕಾಯಿಲ್, ಕೆಪಾಸಿಟರ್, ಒಂದೆರಡು ರೆಸಿಸ್ಟರ್ ಕೂಡಿಸಿದ ಒಂದು ಹಲಗೆ. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡ ಹಾಗೆ ಅದು ಸದ್ದನ್ನು ಪಾಲು ಮಾಡುತ್ತದೆ, ಮತ್ತು ಗೋಡೆ ಎಲ್ಲಿ ಎಬ್ಬಿಸಿದಿರಿ ಎಂಬುದರ ಮೇಲೆ ಮುಂದಿನ ಜಗಳವೆಲ್ಲ ನಿಂತಿರುತ್ತದೆ. ಮನುಷ್ಯನ ಧ್ವನಿಯ ನಟ್ಟನಡುವೆ ಗೋಡೆ ಬಿದ್ದರೆ ಮಾತಿನ ಮೈ ಒಂದು ಕಡೆಯಿಂದ, ಸ, ಶಗಳು ಇನ್ನೊಂದು ಕಡೆಯಿಂದ ಬರುತ್ತವೆ. ಹಾಗಾಗಿ ಭಾವ ಯಾವ ಪೆಟ್ಟಿಗೆಯನ್ನಾದರೂ ಮೊದಲು ಪರೀಕ್ಷಿಸುವುದು ಹಾಡಿನಿಂದಲ್ಲ, ಮಾತಿನಿಂದ.

ಆ ಮಾತು ಅಕ್ಕನದು. ಅಕ್ಕ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂರುತ್ತಿದ್ದವಳು. ಯಾವ ಬಸ್ಸು ಎಲ್ಲಿ ನಿಂತಿದೆ, ಯಾರ ಮಗು ವಿಚಾರಣೆ ಕೌಂಟರಿನಲ್ಲಿ ಅಳುತ್ತಾ ಕೂತಿದೆ ಎಂದು ಊರಿಗೆಲ್ಲ ಹೇಳುತ್ತಿದ್ದ ಧ್ವನಿ. ಭಾವ ಅವಳ ಮುಖ ನೋಡುವ ಮುನ್ನ ಆ ಧ್ವನಿಯನ್ನೇ ಮೆಚ್ಚಿದ್ದು. ಅದನ್ನು ಕೇಳುತ್ತಾ ಎದುರಿಗೆ ಬಂದ ಬಸ್ಸನ್ನು ಹತ್ತದೆ ಬಿಟ್ಟಿದ್ದರಂತೆ, ಅದೂ ಅಪರೂಪಕ್ಕೆ ಬರುವ ಬಸ್ಸು. ಮದುವೆಯಾದ ಹೊಸದರಲ್ಲಿ ಒಳ್ಳೆಯ ಮೈಕೊಂದನ್ನು ತಂದು, ಏನಾದರೂ ಓದು ಎಂದಿದ್ದಾರೆ. ಕೈಗೆ ಸಿಕ್ಕಿದ್ದು ಹೊಲಿಗೆ ಯಂತ್ರದ ಜೊತೆ ಬಂದಿದ್ದ ಪುಸ್ತಿಕೆ. 'ಸೂಜಿ ಬದಲಿಸುವ ಮುನ್ನ ಚಕ್ರವನ್ನು ನಿಧಾನವಾಗಿ ನಿಮ್ಮ ಕಡೆಗೆ ತಿರುಗಿಸಿ' ಎಂದು ಅಕ್ಕ ಓದಿದ್ದಾಳೆ. ಸಕಾರ, ಜಕಾರ, ಚಕಾರ ಎಲ್ಲ ಒಟ್ಟಿಗೆ ಸಿಕ್ಕಿ ಭಾವನಿಗೆ ಹಬ್ಬ. ಅಂದಿನಿಂದ ನಮ್ಮ ಮನೆಯಲ್ಲಿ ಯಾವ ಸ್ಪೀಕರು ಹುಟ್ಟಿದರೂ ಮೊದಲು ಆಡುವ ಮಾತು ಇದೇ.

ಹೋದ ವರ್ಷ ಅಕ್ಕನ ಗಂಟಲಲ್ಲಿ ಗಂಟು ಕಾಣಿಸಿತು. ಆಪರೇಷನ್ ಆಯಿತು. ಜೀವಕ್ಕೆ ಭಯವಿಲ್ಲ, ಆದರೆ ಧ್ವನಿ ಮೊದಲಿನಂತೆ ಇರುವುದಿಲ್ಲ ಎಂದು ಡಾಕ್ಟರು ಮುಂಚೆಯೇ ಹೇಳಿದ್ದರು. ಹೇಳಿದ್ದೇನೋ ನಿಜ, ಕೇಳಿಸಿಕೊಂಡವರು ಯಾರು? ಗಾಯ ಮಾಗುವವರೆಗೆ ಬಾಯಿ ತೆರೆಯಬಾರದಿತ್ತು. ತೆರೆಯಬಹುದು ಎಂದ ದಿನ ಅಕ್ಕ ಭಾವನ ಕಡೆ ತಿರುಗಿ 'ನೀರು ಕೊಡಿ' ಅಂದಳು. ಒಡೆದ ಬಿದಿರನ್ನು ಎಳೆದ ಹಾಗಿತ್ತು. ಅವಳು ಲೋಟ ತೆಗೆದುಕೊಳ್ಳದೆ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಆಮೇಲೆ ಅವಳ ಬಾಯಿಂದ ಹೊರಟಿದ್ದೆಲ್ಲ ಪಿಸುಮಾತೇ. ನಿಲ್ದಾಣದವರು ಅವಳನ್ನು ಪಾರ್ಸೆಲ್ ಕೋಣೆಗೆ ಹಾಕಿದರು, ಅಲ್ಲಿ ಮಾತಿನ ಅಗತ್ಯ ಕಡಿಮೆ. ಮನೆಯಲ್ಲಿ ಕರೆಯಬೇಕಾದರೆ ಚಪ್ಪಾಳೆ ತಟ್ಟುತ್ತಿದ್ದಳು.

ಆಸ್ಪತ್ರೆಯಲ್ಲಿ ಮಾತಿನ ಅಭ್ಯಾಸ ಮಾಡಿಸುವ ಮೇಡಂ ಒಬ್ಬರಿದ್ದರು, ಬಹಳ ತಾಳ್ಮೆಯವರು. ಅವರೇ ಒಂದು ದಿನ ತಾಳ್ಮೆ ಬಿಟ್ಟು ನಮ್ಮ ಮೂವರನ್ನೂ ಕೂರಿಸಿಕೊಂಡು ಹೇಳಿದರು:

"ಪಿಸುಗುಟ್ಟಿದ್ರೆ ಗಂಟಲಿಗೆ ಇನ್ನೂ ತ್ರಾಸ ಆಗುತ್ತೆ ಅಮ್ಮ. ಬಾಯಿ ಬಿಟ್ಟು ಮಾತಾಡಿ, ಬೈಯಿರಿ, ಜಗಳ ಆಡಿ, ಏನಾದ್ರೂ ಮಾಡಿ. ಈಗ ಬಳಸಿದ್ರೆ ಇರೋ ಧ್ವನಿ ಗಟ್ಟಿಯಾಗುತ್ತೆ. ಬಿಟ್ರೆ ಇದೂ ಹೋಗುತ್ತೆ. ಆಮೇಲೆ ನಾನೂ ಏನೂ ಮಾಡೋಕಾಗಲ್ಲ."

ಅಕ್ಕ ತಲೆಯಾಡಿಸಿದಳು. ಮನೆಗೆ ಬಂದು ಮತ್ತೆ ಚಪ್ಪಾಳೆ ತಟ್ಟಿದಳು. ಚಿಕ್ಕಂದಿನಲ್ಲಿ ಬೀದಿಯ ಆ ತುದಿಯಿಂದ ನನ್ನ ಹೆಸರು ಹಿಡಿದು ಕೂಗಿ, ನಾನು ಯಾರ ಜೊತೆ ಎಲ್ಲಿ ಕೂತಿದ್ದರೂ ಎಬ್ಬಿಸುತ್ತಿದ್ದವಳು ಇವಳೇನಾ ಅನ್ನಿಸುತ್ತಿತ್ತು.

ಇಷ್ಟರಲ್ಲಿ ಭಾವನ ತಲೆಗೆ ಹುಳ ಹೊಕ್ಕಿತು. ಹಳೆಯ ಧ್ವನಿ ರೆಕಾರ್ಡಿನಲ್ಲಿ ಇದೆಯಲ್ಲ, ಅದನ್ನು ಇದ್ದದ್ದು ಇದ್ದ ಹಾಗೆ ನುಡಿಸುವ ಸ್ಪೀಕರು ಕಟ್ಟಬೇಕು. ಅಕ್ಕ ಅದನ್ನು ಕೇಳಿ ಧೈರ್ಯ ತಂದುಕೊಳ್ಳುತ್ತಾಳೆ, ನನ್ನ ಧ್ವನಿ ಎಲ್ಲೂ ಹೋಗಿಲ್ಲ ಅಂದುಕೊಳ್ಳುತ್ತಾಳೆ ಎಂದು ಅವರ ಲೆಕ್ಕ. ನಾನು ಬಾಯಿ ಮುಚ್ಚಿಕೊಂಡು ಹಲಗೆ ಕೊಯ್ದುಕೊಟ್ಟೆ. ಆರಿಂಚಿನ ವೂಫರ್, ರೇಷ್ಮೆಯ ಗುಮ್ಮಟವಿರುವ ಟ್ವೀಟರ್. ಸದ್ದು ಪಾಲಾಗುವ ಗೋಡೆಯನ್ನು ಮಾತಿನ ಮೈಗಿಂತ ಆದಷ್ಟು ಮೇಲಿನ ಸ್ವರಕ್ಕೆ ಒಯ್ದು ಕಟ್ಟಿದ ಕ್ರಾಸ್‌ಓವರ್. ಒಂದು ಭಾನುವಾರ ಬೆಳಿಗ್ಗೆ ಪೆಟ್ಟಿಗೆಯಿಂದ ಸೂಜಿ, ಚಕ್ರ ಎಲ್ಲ ಹೊರಬಂದವು. ನನ್ನ ಮೈ ಜುಮ್ಮೆಂದಿತು. ಅಕ್ಕನೇ ಎದುರಿಗೆ ನಿಂತು ಓದಿದ ಹಾಗಿತ್ತು.

ಭಾವ ಅಕ್ಕನ ಕಡೆ ತಿರುಗಿ ಕೇಳಿದರು, "ಸರಿ ಇದೆಯೇನೇ? ನಿನ್ನ ಧ್ವನಿ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಅಕ್ಕ ಸ್ವಲ್ಪ ಹೊತ್ತು ಕೇಳಿ ಪಿಸುಗುಟ್ಟಿದಳು, "ಇಷ್ಟು ತೆಳ್ಳಗಿರಲಿಲ್ಲ. ದಪ್ಪ ಇತ್ತು."

ಅಲ್ಲಿಂದ ಶುರುವಾಯಿತು ನೋಡಿ. ಭಾವ ಟ್ವೀಟರಿನ ದಾರಿಗೆ ರೆಸಿಸ್ಟರ್ ಹಾಕಿ ಅದರ ಬಾಯಿ ಕಟ್ಟಿದರು. ಸಾಲದು ಅಂದಳು. ಎಂಟಿಂಚಿನ ವೂಫರ್ ಬಂತು. ಮುಂಭಾಗದ ಹಲಗೆಯ ತೂತು ಅದಕ್ಕೆ ಸಾಲದು, ಪೆಟ್ಟಿಗೆಯ ಹೊಟ್ಟೆಯೂ ಸಾಲದು, ಅಂದರೆ ನನ್ನ ತಲೆಗೆ ಬಂತು. ಹೊಸ ಪೆಟ್ಟಿಗೆ ಮಾಡಿದೆ. ವೂಫರ್ ದೊಡ್ಡದಾದಷ್ಟೂ ಅದಕ್ಕೆ ಸಣ್ಣ ಸದ್ದು ಒಗ್ಗದು, ಗೋಡೆ ಕೆಳಗಿಳಿಯಲೇಬೇಕು, ಗೋಡೆ ಕೆಳಗಿಳಿದರೆ ಅದರ ಭಾರ ಹೊರುವ ಟ್ವೀಟರ್ ಬೇಕು. ಹೊಸ ಟ್ವೀಟರ್ ಬಂತು. ಅದೂ ಆಗಲಿಲ್ಲ ಎಂದು ನಡುವೆ ಮೂರನೆಯದೊಂದು ಡ್ರೈವರ್ ಬಂದು ಕೂತಿತು. ಈಗ ಗೋಡೆ ಎರಡು. ಮನೆಯಲ್ಲಿ ಎಲ್ಲಿ ಕಾಲಿಟ್ಟರೂ ತಂತಿ, ಅನ್ನದ ಪಾತ್ರೆಯ ಪಕ್ಕ ಬೆಸುಗೆಯ ಸೀಸ, ಕುರ್ಚಿಯ ಮೇಲೆ ಕಾಯಿಲ್. ಕಾಯಿಲನ್ನು ಭಾವ ನಡೆದಾಡುತ್ತಲೇ ಸುತ್ತುತ್ತಿದ್ದರು, ಅಡುಗೆಮನೆಯಿಂದ ಹಜಾರ, ಹಜಾರದಿಂದ ಹಿತ್ತಲು. ನಡುವೆ ಏನೋ ಹೊಳೆದು ಸುತ್ತಿದ್ದನ್ನೆಲ್ಲ ಬಿಚ್ಚುತ್ತಿದ್ದರು. ಅವರನ್ನು ನೋಡಿ ನೋಡಿ ನನಗೂ ಒಂದು ಕಡೆ ನಿಲ್ಲಲು ಆಗದ ಹಾಗಾಯಿತು. ಹಲಗೆಗೆ ಉಜ್ಜುಗೊರಡು ಹೊಡೆಯುವಾಗಲೂ ಕಿವಿ ಮನೆಯ ಕಡೆಯೇ, ಇವತ್ತಾದರೂ ಅಕ್ಕ ಬಾಯಿ ಬಿಟ್ಟಳಾ ಎಂದು.

ಬಿಡಲಿಲ್ಲ. ದಿನವೂ ಸಂಜೆ ಅವಳ ಹಳೆಯ ಧ್ವನಿ ಹಜಾರದಲ್ಲಿ ಗಟ್ಟಿಯಾಗಿ ಸೂಜಿ ಬದಲಿಸುತ್ತಿತ್ತು. ಅವಳು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ಕೈಯಲ್ಲೇ 'ಇನ್ನೂ' ಎಂದು ಸನ್ನೆ ಮಾಡುತ್ತಿದ್ದಳು. ಮೇಡಂ ಹತ್ತಿರ ಹೋಗುವುದನ್ನೂ ಒಂದೊಂದು ನೆಪ ಹೇಳಿ ತಪ್ಪಿಸತೊಡಗಿದಳು. ಭಾವ ಕೇಳಿದರೆ, ಮೊದಲು ಇದು ಸರಿಯಾಗಲಿ ಎಂದು ಪೆಟ್ಟಿಗೆ ತೋರಿಸುತ್ತಿದ್ದಳು.

ಹತ್ತಿಂಚಿನ ವೂಫರ್ ಬಂದ ದಿನ ನನ್ನ ಪಿತ್ತ ನೆತ್ತಿಗೇರಿತು. ಹಲಗೆ ಕೊಯ್ದ ಸಿಟ್ಟು ಅಂತಲೇ ಇಟ್ಟುಕೊಳ್ಳಿ. ಪೆಟ್ಟಿಗೆಯಿಂದ ಹೊರಟ ಧ್ವನಿ ಮೂಗು ಕಟ್ಟಿದವಳು ಕಂಬಳಿಯೊಳಗಿಂದ ಮಾತಾಡಿದ ಹಾಗಿತ್ತು.

"ಅಕ್ಕ, ನೀನು ಹುಟ್ಟಿದಾಗಿಂದ ಯಾವತ್ತೂ ಹೀಗೆ ಮಾತಾಡಿದವಳಲ್ಲ" ಅಂದೆ. "ಮೊದಲ ಪೆಟ್ಟಿಗೆಯೇ ಸರಿ ಇತ್ತು."

ಅವಳು ಇಲ್ಲ ಎಂದು ತಲೆಯಾಡಿಸಿದಳು. "ನನ್ನ ಧ್ವನಿ ನನಗೆ ಗೊತ್ತಿಲ್ವಾ?" ಎಂದು ಪಿಸುಗುಟ್ಟಿದಳು.

"ನಿನಗಿಂತ ನಮಗೆ ಗೊತ್ತು. ಕೇಳ್ತಿದ್ದವರು ನಾವು."

ಭಾವ ಇಬ್ಬರ ನಡುವೆ ನಿಂತು ಒಮ್ಮೆ ಅವಳ ಮುಖ, ಒಮ್ಮೆ ನನ್ನ ಮುಖ ನೋಡಿದರು. ಅವರ ಮನಸ್ಸಿನಲ್ಲೂ ಮೊದಲ ಪೆಟ್ಟಿಗೆಯೇ ಇತ್ತು, ನನಗೆ ಗೊತ್ತು. ಆದರೆ ಹೆಂಡತಿಯ ಧ್ವನಿಯ ವಿಷಯದಲ್ಲಿ ಹೆಂಡತಿಯ ಮಾತು ಮೀರುವುದು ಹೇಗೆ? ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ಮಾರನೆಯ ದಿನ ಮಧ್ಯಾಹ್ನ ಭಾವ ಕೆಲಸದಿಂದ ನೇರ ನನ್ನ ಶೆಡ್ಡಿಗೆ ನುಗ್ಗಿದರು. ಕೈಗೆಲ್ಲ ಗ್ರೀಸು, ಕೈಯಲ್ಲೊಂದು ಉದ್ದನೆಯ ಸ್ಕ್ರೂಡ್ರೈವರ್. ಲಿಫ್ಟಿನವರು ಅದರ ತುದಿಯನ್ನು ಮೋಟಾರಿನ ಬೇರಿಂಗಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಇಟ್ಟುಕೊಂಡು ಒಳಗಿನ ಸದ್ದು ಕೇಳುತ್ತಾರೆ. ಡಾಕ್ಟರು ಎದೆ ಪರೀಕ್ಷೆ ಮಾಡಿದ ಹಾಗೆಯೇ.

"ಡ್ರಿಲ್ ಮೆಷಿನ್ ಹಾಕು" ಅಂದರು.

ಹಾಕಿದೆ. ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೋಟಾರಿನ ಮೈಗೆ ಒತ್ತಿ, ಹಿಡಿಯನ್ನು ನನ್ನ ಕಿವಿಯ ಹಿಂದೆ ಇಟ್ಟರು. ತಲೆಯೊಳಗೆ ಲಾರಿ ಹೊಕ್ಕ ಹಾಗಾಯಿತು. ತೆಗೆದರು. ಎಂದಿನ ಗುಯ್‌ಗುಟ್ಟುವ ಸಣ್ಣ ಸದ್ದು.

"ಮೋಟಾರು ಒಂದೇ ತಾನೆ?" ಅಂದರು. "ಮೂಳೆಯಿಂದ ಕೇಳಿದ್ರೆ ದಪ್ಪ, ಗಾಳಿಯಿಂದ ಕೇಳಿದ್ರೆ ತೆಳು. ನಮ್ಮ ಮಾತು ನಮಗೆ ಮೂಳೆಯಿಂದಲೂ ಕೇಳುತ್ತೆ ಕಣೋ. ಅವಳು ಇಷ್ಟು ವರ್ಷ ತನ್ನ ಧ್ವನೀನ ಒಳಗಿಂದ ಕೇಳಿದ್ದಾಳೆ. ಆ ದಪ್ಪ ಧ್ವನಿ ಅವಳೊಬ್ಬಳಿಗೇ ಇತ್ತು, ಹೊರಗೆ ಯಾರಿಗೂ ಇರಲಿಲ್ಲ. ದಿನಾ ಇದೇ ಕೆಲಸ ಮಾಡೋ ನಾನು ಹೋಗಿ ಹೋಗಿ ಅವಳನ್ನೇ ಕೇಳಿದೆ ನೋಡು."

ಅವರು ಶೆಡ್ಡಿನ ಈ ಗೋಡೆಯಿಂದ ಆ ಗೋಡೆಗೆ ಓಡಾಡುತ್ತಲೇ ಇದನ್ನೆಲ್ಲ ಹೇಳಿದ್ದು. ಸರಿ, ಹಾಗಾದರೆ ಮೊದಲ ಪೆಟ್ಟಿಗೆ ಎತ್ತಿಕೊಂಡು ಹೋಗಿ ಅಂದೆ.

"ಅದು ಸರಿ ಅಂತ ಹೇಗೆ ಹೇಳ್ತೀಯ? ನಿನ್ನ ನೆನಪು, ನನ್ನ ನೆನಪು. ನೆನಪಿಟ್ಟುಕೊಂಡು ಕ್ರಾಸ್‌ಓವರ್ ಕಟ್ಟೋಕಾಗಲ್ಲ. ಮನುಷ್ಯ ಪೆಟ್ಟಿಗೆ ಪಕ್ಕದಲ್ಲಿ ನಿಂತು ಮಾತಾಡಬೇಕು. ಆ ಮಾತನ್ನ ಆ ಕ್ಷಣವೇ ರೆಕಾರ್ಡ್ ಮಾಡಿ ಪೆಟ್ಟಿಗೇಲಿ ನುಡಿಸಿ ನೋಡ್ಬೇಕು. ಎರಡೂ ಒಂದೇ ಥರ ಕೇಳಿದ್ರೆ ಸರಿ."

"ಯಾರು ನಿಲ್ತಾರೆ ಭಾವ? ಅವಳು ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದಾಳೆ."

"ಅವಳೇ ನಿಲ್ಬೇಕು" ಎಂದು ಹೊರಟೇಬಿಟ್ಟರು. ನಾನು ಮೈಮೇಲಿನ ಹೊಟ್ಟು ಕೊಡವಿಕೊಳ್ಳುತ್ತಾ ಹಿಂದೆ ಓಡಿದೆ.

ಅಕ್ಕ ಪಾರ್ಸೆಲ್ ಕೋಣೆಯಿಂದ ಆಗಷ್ಟೇ ಬಂದು ಬಟ್ಟೆ ಮಡಿಸುತ್ತಿದ್ದಳು. ಭಾವ ಮೈಕನ್ನು ತಂದು ಹಜಾರದ ನಡುವೆ ನಿಲ್ಲಿಸಿ, ಪುಸ್ತಿಕೆಯನ್ನು ಅವಳ ಕೈಗಿಟ್ಟು, ಇದನ್ನು ಓದು ಅಂದರು. ಮುಂಚೆ ಹೇಳಿದ್ದಿಲ್ಲ, ಪೀಠಿಕೆಯಿಲ್ಲ. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಅಕ್ಕ ಪುಸ್ತಿಕೆಯನ್ನು ಬಟ್ಟೆಯ ಮೇಲೆ ಎಸೆದಳು. "ಈ ಒಡಕು ಧ್ವನಿ ಯಾರಿಗೆ ಬೇಕು?" ಎಂದು ಪಿಸುಗುಟ್ಟಿದಳು.

"ನನಗೆ ಬೇಕು."

"ಯಾಕೆ?"

"ಕ್ರಾಸ್‌ಓವರ್‌ಗೆ" ಅಂದರು ಭಾವ.

ಆ ಮನುಷ್ಯನಿಗೆ ಬೇರೆ ಯಾವ ಉತ್ತರವೂ ಹೊಳೆಯಲಿಲ್ಲವಲ್ಲ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಕಣ್ಣು ಮುಚ್ಚಿದ್ದರಿಂದಲೋ ಏನೋ, ಮುಂದೆ ಕೇಳಿಸಿದ್ದು ಯಾರ ಧ್ವನಿ ಎಂದು ಅರೆಗಳಿಗೆ ತಿಳಿಯಲಿಲ್ಲ. ಒರಟು ಧ್ವನಿ, ನಡುನಡುವೆ ಬಿರುಕು, ಆದರೆ ಮನೆ ತುಂಬುವಷ್ಟು ಜೋರು.

"ನಿಮಗೆ ಬೇಕಾಗಿರೋದು ಅವಳು ರೀ, ನಾನಲ್ಲ. ದಿನಾ ಸಂಜೆ ಅವಳನ್ನ ಕರೆದು ಹಜಾರದಲ್ಲಿ ಕೂರಿಸ್ಕೊಳ್ತೀರಿ. ಒಂದು ದಿನ ಬಾಯಿ ದಪ್ಪ ಮಾಡ್ತೀರಿ, ಒಂದು ದಿನ ಸಣ್ಣ ಮಾಡ್ತೀರಿ. ನಾನು ಅಡುಗೆಮನೆ ಬಾಗಿಲಲ್ಲಿ ನಿಂತ್ಕೊಂಡು ಅವಳ ಮಾತು ಕೇಳ್ಬೇಕು. ಮೊದಮೊದಲು ನಿಜವಾಗ್ಲೂ ತೆಳ್ಳಗೆ ಕೇಳಿಸ್ತಿತ್ತು, ಅದಕ್ಕೇ ದಪ್ಪ ಬೇಕು ಅಂದೆ. ಆಮೇಲೆ ಬೇಕಂತಲೇ ಅಂದೆ. ಅವಳು ಸರಿಯಾಗಿಬಿಟ್ರೆ ನಿಮಗೆ ಅವಳೇ ಸಾಕು. ಆಮೇಲೆ ಈ ಮನೇಲಿ ನಾನು ಯಾತಕ್ಕೆ ಬಾಯಿ ಬಿಡಬೇಕು?"

ಭಾವ ಮೊದಲ ಸಲ ಒಂದು ಕಡೆ ನೆಟ್ಟ ಹಾಗೆ ನಿಂತಿದ್ದನ್ನು ನಾನು ನೋಡಿದ್ದು ಆಗಲೇ. ಅವರ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ. ಇಷ್ಟು ತಿಂಗಳು ಹೆಂಡತಿಗೆ ಧೈರ್ಯ ಕಟ್ಟುತ್ತಿದ್ದೇನೆ ಅಂದುಕೊಂಡು ಅವಳಿಗೆ ಸವತಿಯನ್ನು ಕಟ್ಟುತ್ತಿದ್ದರು, ಪಾಪ. ಅದಕ್ಕೆ ಬೇಕಾದ ಹಲಗೆಯನ್ನು ನಾನು ಕೊಯ್ದು ಕೊಡುತ್ತಿದ್ದೆ.

ಭಾವ ಮೈಕನ್ನು ಅವಳ ಕಡೆ ತಿರುಗಿಸಿದರು.

"ಸರಿ" ಅಂದರು. "ಇದನ್ನೇ ಮೈಕ್ ಮುಂದೆ ಹೇಳು."

ಅಕ್ಕ ಅವರನ್ನು ದುರುಗುಟ್ಟಿ ನೋಡಿದಳು. ಆಮೇಲೆ ಅವಳಿಗೆ ನಗು ಬಂತು. ಆ ಗಂಟಲಲ್ಲಿ ನಗುವೂ ಗರಗಸದ ಹಾಗೇ ಹೊರಟಿತು, ಅದನ್ನು ಕೇಳಿ ನಾನೂ ನಕ್ಕೆ. ನಗುತ್ತಲೇ ಅವಳು ಪುಸ್ತಿಕೆ ಎತ್ತಿಕೊಂಡಳು.

ಮುಂದೆ ನಡೆದದ್ದರಲ್ಲಿ ಕರುಣೆ ಎಂಬುದು ಲವಲೇಶವೂ ಇರಲಿಲ್ಲ. ಭಾವ ಮೊದಲ ಪೆಟ್ಟಿಗೆಯನ್ನು ಎತ್ತಿ ತಂದು, ಹೊರಗಿಟ್ಟ ಕ್ರಾಸ್‌ಓವರ್ ಹಲಗೆಯ ಮುಂದೆ ಬೆಸುಗೆ ಕಡ್ಡಿ ಹಿಡಿದು ಕುಕ್ಕರುಗಾಲಲ್ಲಿ ಕೂತರು. ಅಕ್ಕ ಓದಬೇಕು, ಭಾವ ಅದನ್ನು ಹಿಡಿದು ನುಡಿಸಬೇಕು, ಒಂದು ರೆಸಿಸ್ಟರ್ ಬದಲಿಸಬೇಕು, ಮತ್ತೆ ಅಕ್ಕ ಓದಬೇಕು. ಹೊಸ ಧ್ವನಿಯ ಒರಟು ಎಲ್ಲ ಮೇಲಿನ ಪಾಲಿನಲ್ಲೇ ಇತ್ತು. ಟ್ವೀಟರ್ ಸ್ವಲ್ಪ ಜೋರಾದರೂ ಮುಳ್ಳಾಗುತ್ತಿತ್ತು, ಸ್ವಲ್ಪ ತಗ್ಗಿದರೆ ಮಾತು ಮಸುಕು. "ಇನ್ನೊಂದ್ಸಲ" ಅನ್ನುವರು ಭಾವ. "ಚಕ್ರ ಅನ್ನೋದನ್ನ ನುಂಗ್ಬೇಡ." ಅಕ್ಕನಿಗೆ ರೇಗಿತು. "ನಿಲ್ದಾಣದಲ್ಲಿ ದಿನಕ್ಕೆ ಅಷ್ಟು ಬಸ್ಸು ಕಳಿಸ್ತಿದ್ದೆ, ಯಾರೂ ಇಷ್ಟು ಗೋಳು ಹೊಯ್ಕೊಂಡಿರಲಿಲ್ಲ" ಅಂದಳು. ನೀರು ಕುಡಿದಳು, ಬೈದಳು, ಓದಿದಳು. ನಡುವೆ ಸಾಕು ಇನ್ನು ಎಂದು ನಾನೇ ಭಾವನಿಗೆ ಸನ್ನೆ ಮಾಡಬೇಕಾಯಿತು.

ಕೊನೆಗೊಮ್ಮೆ ಅವಳು ಓದಿ ನಿಲ್ಲಿಸಿದಳು, ಪೆಟ್ಟಿಗೆ ಓದಿತು. ನಾನು ಕಣ್ಣು ಮುಚ್ಚಿದ್ದರೆ ಯಾರು ಮೊದಲು, ಯಾರು ಆಮೇಲೆ ಎಂದು ಹೇಳಲಾಗುತ್ತಿರಲಿಲ್ಲ. ಭಾವ ಬೆಸುಗೆ ಕಡ್ಡಿಯನ್ನು ಕೆಳಗಿಟ್ಟರು.

ಅಕ್ಕ ಪೆಟ್ಟಿಗೆಯನ್ನೇ ನೋಡುತ್ತಿದ್ದಳು. "ನಾನು ನಿಮಗೆ ಹೀಗಾ ಕೇಳಿಸೋದು?" ಅಂದಳು.

"ಹೂಂ. ಹೀಗೇ" ಅಂದೆ ನಾನು.

"ನನಗೆ ಒಳಗೆ ಇದಕ್ಕಿಂತ ಎಷ್ಟೋ ಕೆಟ್ಟದಾಗಿ ಕೇಳಿಸುತ್ತೆ ಕಣೋ. ತಲೆಯೊಳಗೆ ಯಾರೋ ತಗಡು ಎಳೆದ ಹಾಗೆ."

"ಒಳಗಿಂದು ಬಿಡು" ಅಂದರು ಭಾವ, ತಂತಿ ಸುತ್ತಿಡುತ್ತಾ, ಅವಳ ಮುಖ ನೋಡದೆ. "ಹೊರಗೆ ನಾವಿದ್ದೀವಲ್ಲ, ನಾವು ಕೇಳ್ತೀವಿ."

ಅವಳು ಬಟ್ಟೆ ಎತ್ತಿಕೊಂಡು ಒಳಗೆ ಹೋದಳು. ನನಗೆ ಸಮಾಧಾನವಾಗಲಿಲ್ಲ. ಇವತ್ತು ರೊಚ್ಚಿಗೆದ್ದು ಮಾತಾಡಿದಳು, ನಾಳೆ ಮತ್ತೆ ಚಪ್ಪಾಳೆಯೇ ಏನೋ ಎಂದು ಕೂತಲ್ಲೇ ಕಾಲು ಅಲ್ಲಾಡಿಸುತ್ತಿದ್ದೆ. ಭಾವನಿಗಂತೂ ಆಗಲೇ ಚಡಪಡಿಕೆ ಹಿಡಿದಿತ್ತು. ಈ ಧ್ವನಿಗೆ ಆರಿಂಚೂ ಹೆಚ್ಚು, ಐದಿಂಚಿನ ಡ್ರೈವರ್ ಹಾಕಿದರೆ ಗೋಡೆಯನ್ನು ಇನ್ನೂ ಮೇಲಕ್ಕೆ ಒಯ್ಯಬಹುದು, ಮಾತೆಲ್ಲ ಒಂದೇ ಬಾಯಿಂದ ಬರುತ್ತದೆ ಎಂದು ಶುರುಮಾಡಿದರು. ಅಂದರೆ ಇನ್ನೊಂದು ಮುಂಭಾಗದ ಹಲಗೆ.

"ನನ್ನ ಕೈಲಾಗಲ್ಲ ಭಾವ" ಅಂದೆ. "ಶೆಡ್ಡಿನಲ್ಲಿ ಬೇರೆಯವರ ಬಾಗಿಲುಗಳು ಬಿದ್ದಿವೆ."

"ಲೋ" ಎಂದು ಕೂಗು ಕೇಳಿಸಿತು ಅಡುಗೆಮನೆಯಿಂದ. ಒಡಕಲು ಧ್ವನಿ, ಪಾತ್ರೆ ತೊಳೆಯುವ ನೀರಿನ ಸದ್ದನ್ನು ಮೀರಿ ಬಂತು. "ಸುಮ್ನೆ ಕೊಯ್ದು ಕೊಡೋ ಅವರಿಗೆ."

ಭಾವ ಉತ್ತರ ಕೊಡು ಎಂದು ನನಗೆ ಕಣ್ಣಲ್ಲೇ ಹೇಳಿದರು. ನಾನು ಕೇಳಿಸದವನ ಹಾಗೆ ಕೂತೆ. ಅವಳು ಇನ್ನೊಂದು ಸಲ ಕೂಗಿದಳು, ಇನ್ನೂ ಜೋರಾಗಿ, ನನ್ನ ಹೆಸರು ಹಿಡಿದು.